ನೆತ್ತರಲ್ಲಿ ಹುಳಿ ನಿಂತ ಕಾಲ

ಆ ದಿನ ಬೆಳಿಗ್ಗೆ ಎಚ್ಚರವಾದಾಗ ಹೊದಿಕೆ ಮೊಣಕಾಲಿಗೆ ಸುತ್ತಿಕೊಂಡಿತ್ತು. ಒದ್ದು ಸರಿಸಲು ಹೋದೆ, ಕಾಲು ಏಳಲಿಲ್ಲ. ಇನ್ನೊಂದು ಕಾಲೂ ಏಳಲಿಲ್ಲ. ಮಗ್ಗುಲಾಗಿ ಕೈ ಊರಿ ಏಳೋಣವೆಂದರೆ ಭುಜದಿಂದ ಕೆಳಗೆ ಕೈ ನನ್ನ ಮಾತು ಕೇಳಲಿಲ್ಲ. ಬೆರಳು ಮಾತ್ರ ಆಡುತ್ತಿತ್ತು. ಪಕ್ಕದ ಕೋಣೆಯಲ್ಲಿ ಗಂಡ ಶೇಖರ ಅಂಗಿ ಹಾಕಿಕೊಳ್ಳುತ್ತಿದ್ದರು.

"ಹ್ವಾಯ್, ಒಂಚೂರ್ ಬನಿ ಇಲ್ಲಿ."

"ಎಂತಾ? ನಂಗೆ ತಡ ಆತ್."

"ಕಾಲ್ ಎತ್ತುಕೆ ಎಡಿತಿಲ್ಲ."

"ಜೋಮ್ ಹಿಡ್ದಿತ್ ಕಾಣ್. ತಿಕ್ಕ್, ಸರಿ ಆತ್."

"ತಿಕ್ಕುಕೆ ಕೈಯೂ ಏಳ್ತಿಲ್ಲ."

ಅವರು ಬಾಗಿಲಿಗೆ ಬಂದು ನನ್ನ ಮುಖ ನೋಡಿದರು. ಅಂಗಿಯ ಗುಂಡಿ ಅರ್ಧಕ್ಕೇ ನಿಂತಿತು.

ನನ್ನ ಹೆಸರು ಗುಲಾಬಿ. ಮನೆ ಬೀಜಾಡಿಯಲ್ಲಿ. ಕುಂದಾಪುರದ ಒಂದು ಪದವಿಪೂರ್ವ ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಹನ್ನೆರಡು ವರ್ಷಗಳಿಂದ ಸಹಾಯಕಿ. ಮಕ್ಕಳಿಗೆ ಪಾಠ ಮಾಡುವವಳಲ್ಲ. ಅವರು ಬರುವ ಮೊದಲು ದ್ರಾವಣ ತಯಾರಿಸಿ, ಬ್ಯುರೆಟ್ ತೊಳೆದು, ಬಾಟಲಿಗಳಿಗೆ ಚೀಟಿ ಅಂಟಿಸಿಡುವವಳು. ಗಂಡ ಹಂಗಾರಕಟ್ಟೆಯಲ್ಲಿ ದೋಣಿ ಕಟ್ಟುವ ಕಡೆ ಕೆಲಸ ಮಾಡುತ್ತಾರೆ. ಅತ್ತೆ ಇಡೀ ಆಯುಷ್ಯ ಮೀನಿಗೆ ಉಪ್ಪು ಹಾಕಿ ಒಣಗಿಸಿ ಮಾರಿದವರು. ಮಗಳು ಅನುಷಾ ಆಗ ಒಂಬತ್ತನೇ ಕ್ಲಾಸು. ಈ ಕಾಯಿಲೆ ಬಂದವರು ನಮ್ಮ ಕಡೆ ನಾನೊಬ್ಬಳೇ ಎಂದು ಆಗ ತಿಳಿದಿದ್ದೆ. ಅಲ್ಲ ಎಂದು ಈಗ ಗೊತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಕಾಲು ಆ ಬೆಳಿಗ್ಗೆ ಒಮ್ಮೆಗೇ ಬಿದ್ದದ್ದಲ್ಲ. ಮಳೆಗಾಲ ಮುಗಿದಾಗಿನಿಂದ ಸುಸ್ತು ಶುರುವಾಗಿತ್ತು. ಲ್ಯಾಬ್ ಇರುವುದು ಮಹಡಿಯಲ್ಲಿ. ಮೊದಲು ಎರಡೆರಡು ಮೆಟ್ಟಿಲು ಹಾರಿ ಹತ್ತುತ್ತಿದ್ದವಳು ಕಂಬಿ ಹಿಡಿದು ಹತ್ತತೊಡಗಿದೆ. ಬಸ್ಸಿನ ಮೆಟ್ಟಿಲು ಇನ್ನೂ ಕಷ್ಟ. ಕಂಡಕ್ಟರ್ "ಬೇಗ ಹತ್ತಿ ಅಕ್ಕ" ಎಂದಾಗ ಸಿಟ್ಟು ಬರುತ್ತಿತ್ತು. ಬಾಯಿ ಸದಾ ಒಣಗಿರುತ್ತಿತ್ತು. ಅವಲಕ್ಕಿ ನೀರಿಲ್ಲದೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಕಣ್ಣಿನಲ್ಲಿ ಮರಳು ಬಿದ್ದ ಹಾಗೆ ಕಿರಿಕಿರಿ. ಅದಕ್ಕೆ ಲ್ಯಾಬಿನ ಹೊಗೆ ಕಾರಣ ಎಂದುಕೊಂಡೆ. ಸುಸ್ತಿಗೆ ವಯಸ್ಸು, ರಕ್ತ ಕಮ್ಮಿ, ನಿದ್ದೆ ಸಾಲದು, ಹೀಗೆ ದಿನಕ್ಕೊಂದು ಕಾರಣ. ನಲವತ್ತೊಂದು ವರ್ಷದ ಹೆಂಗಸು ಸುಸ್ತು ಎಂದರೆ ಯಾರೂ ಬೆಚ್ಚಿಬೀಳುವುದಿಲ್ಲ, ಅವಳೂ ಬೀಳುವುದಿಲ್ಲ.

ಆ ವಾರ ಪ್ರಾಯೋಗಿಕ ಪರೀಕ್ಷೆ ಹತ್ತಿರವಿತ್ತು. ಲೀಟರ್‌ಗಟ್ಟಲೆ ದ್ರಾವಣ ಆಗಬೇಕು. ಡಬ್ಬ ಎತ್ತುವಾಗ ಕೈ ನಡುಗುತ್ತಿತ್ತು. ಕಾಲು ಬೀಳುವ ಹಿಂದಿನ ಸಂಜೆ ಒಂದು ಸಣ್ಣ ಕ್ಲಿನಿಕ್ಕಿಗೆ ಹೋಗಿ ಡಾಕ್ಟರಲ್ಲಿ ನಾನೇ ಕೇಳಿದೆ: "ಒಂದ್ ಬಾಟ್ಲಿ ಗ್ಲೂಕೋಸ್ ಹಾಕಿ ಬಿಡಿ, ನಾಳೆ ನಾ ನಿಂತ್ಕಣ್ಕ್." ಅವರು ರಕ್ತಪರೀಕ್ಷೆ ಮಾಡಿಸುವ ಎಂದರು. ಮಕ್ಕಳ ಪರೀಕ್ಷೆ ಮುಗಿದ ಮೇಲೆ ಮಾಡಿಸುತ್ತೇನೆ ಎಂದು ಹಟ ಹಿಡಿದೆ. ಗ್ಲೂಕೋಸ್ ಹಾಕಿಸಿಕೊಂಡು, ಮನೆಗೆ ಬಂದು ಹೊಟ್ಟೆ ತುಂಬ ಗಂಜಿ ಉಂಡು ಮಲಗಿದೆ. ನನ್ನಂಥ ಸ್ಥಿತಿಯಲ್ಲಿರುವವರಿಗೆ ಆ ಸಕ್ಕರೆ ನೀರೇ ಕೊನೆಯ ಪೆಟ್ಟು ಎಂದು ಆಮೇಲೆ ತಿಳಿಯಿತು. ರಕ್ತದಲ್ಲಿ ಉಳಿದಿದ್ದ ಅಷ್ಟಿಷ್ಟು ಪೊಟ್ಯಾಶಿಯಂ ಕೂಡ ಅದರ ಬೆನ್ನಿಗೆ ಜೀವಕೋಶಗಳೊಳಗೆ ಸರಿದುಬಿಡುತ್ತದಂತೆ. ಯಾರನ್ನೂ ದೂರುವುದಿಲ್ಲ. ಕೇಳಿ ಹಾಕಿಸಿಕೊಂಡವಳು ನಾನು.

ಆ ಬೆಳಿಗ್ಗೆ ಅತ್ತೆ ನನ್ನ ಪಾದ ಚಿವುಟಿದರು.

"ನೋವಾತ್ತಾ?"

"ಆತ್ ಅತ್ತೆ."

"ನೋವಾತ್ ಅಂದ್ರೆ ಜೀವ ಇತ್ತ್. ಹೆದ್ರುಕಾಗ ಹೆಣ್ಣೇ," ಎಂದರು. ಅವರ ಧ್ವನಿಯಲ್ಲಿ ಮಾತ್ರ ಹೆದರಿಕೆ ಇತ್ತು.

ನಾಲ್ಕು ಜನ ಸೇರಿ ನನ್ನನ್ನು ಹೊದಿಕೆಯ ಸಮೇತ ಎತ್ತಿ ವ್ಯಾನಿಗೆ ಹಾಕಿದರು. ನೆರೆಯವರು ಅಂಗಳದಲ್ಲಿ ನಿಂತು ಲಕ್ವ ಎನ್ನುತ್ತಿದ್ದದ್ದು ಕೇಳಿಸಿತು. ಕುಂದಾಪುರದ ಆಸ್ಪತ್ರೆಯಲ್ಲಿ ಎದೆಗೆ ತಂತಿ ಅಂಟಿಸಿ ಇಸಿಜಿ ತೆಗೆದರು. ಆ ಪಟ್ಟಿಯನ್ನು ನೋಡಿದ ಡಾಕ್ಟರು ಲಕ್ವದ ಮಾತನ್ನೇ ಎತ್ತಲಿಲ್ಲ. ರಕ್ತ ತೆಗೆಸಿದರು, ವರದಿ ಬರುವವರೆಗೆ ಎರಡು ಸಲ ಬಂದು ನನ್ನ ಉಸಿರಾಟ ನೋಡಿದರು. ಆಮೇಲೆ ಶೇಖರರಿಗೆ ಹೇಳಿದರು: "ಪೊಟ್ಯಾಶಿಯಂ ಎರಡಕ್ಕಿಂತ ಕೆಳಗೆ ಇದೆ. ಮೂರೂವರೆಗಿಂತ ಮೇಲೆ ಇರಬೇಕಾದದ್ದು. ಹೃದಯಕ್ಕೆ ತೊಂದರೆ ಆಗಬಹುದು. ಡ್ರಿಪ್ ಶುರು ಮಾಡಿದ್ದೇವೆ, ಆದರೆ ಐಸಿಯು ಇರುವ ಕಡೆ ಹೋಗಲೇಬೇಕು. ಈಗಲೇ."

ಆಂಬುಲೆನ್ಸಿನಲ್ಲಿ ಮಲಗಿದವಳಿಗೆ ರಸ್ತೆ ಕಾಣುವುದಿಲ್ಲ. ಕಿಟಕಿಯ ಮೇಲ್ಭಾಗದಲ್ಲಿ ತೆಂಗಿನ ತಲೆ, ತಂತಿ, ಫಲಕಗಳ ಹಿಂಭಾಗ. ತಲೆ ಎತ್ತಲು ನೋಡಿದೆ, ಕುತ್ತಿಗೆಯೂ ಬರಲಿಲ್ಲ. ಆಗ ನಿಜವಾದ ಭಯ ಬಂತು.

"ಎಲ್ಲಿ ಬಂತ್?" ಎಂದೆ.

"ಬ್ರಹ್ಮಾವರ. ಇನ್ನೆಂತ, ಬಂದೇ ಬಿಟ್ಟಿತ್," ಎಂದರು ಶೇಖರ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಕೇಳಿದೆ. ಮತ್ತೆ ಬ್ರಹ್ಮಾವರ ಎಂದರು. ಮೊದಲ ಸಲ ಸುಳ್ಳು ಹೇಳಿದ್ದರು.

ದೊಡ್ಡ ಆಸ್ಪತ್ರೆಯ ಐಸಿಯುವಿನಲ್ಲಿ ನನ್ನನ್ನು ನೋಡಿದ ಡಾಕ್ಟರು ಘಟ್ಟದ ಮೇಲಿನವರು, ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಅವರು ಮಾಡಿಸಿದ ಮೊದಲ ಪರೀಕ್ಷೆಗೆ ಯಾವ ಯಂತ್ರವೂ ಬೇಕಾಗಲಿಲ್ಲ.

"ಗುಲಾಬಿಯವರೇ, ಉಸಿರು ಪೂರ್ತಿ ಎಳೆದುಕೊಂಡು ಒಂದರಿಂದ ಜೋರಾಗಿ ಎಣಿಸಿ. ನಡುವೆ ಉಸಿರು ಎಳೆಯಬಾರದು."

ಹದಿಮೂರಕ್ಕೆ ನಿಂತೆ.

"ಪರವಾಗಿಲ್ಲ. ಗಂಟೆಗೊಂದು ಸಲ ಕೇಳುತ್ತೇನೆ."

ಮುಂದಿನ ಸಲ ಹನ್ನೆರಡು. ಅದರ ಮುಂದಿನದು ಹನ್ನೊಂದು. ಉಸಿರಾಟದ ಸ್ನಾಯು ಸೋತರೆ ಗಂಟಲಿಗೆ ನಳಿಗೆ ಹಾಕಿ ಯಂತ್ರ ಕೊಡಬೇಕಾಗುತ್ತದೆ ಎಂದು ಅವರು ಶೇಖರರಿಗೆ ಪರದೆಯ ಆಚೆ ಹೇಳುತ್ತಿದ್ದದ್ದು ನನಗೆ ಕೇಳಿಸಿತು. ಪರದೆಯ ಆಚೆ ನಿಂತು ಮಾತಾಡಿದರೆ ರೋಗಿಗೆ ಕೇಳಿಸುವುದಿಲ್ಲ ಎಂದು ಡಾಕ್ಟರುಗಳು ಯಾಕೆ ತಿಳಿಯುತ್ತಾರೋ.

ಕುತ್ತಿಗೆಯ ಹತ್ತಿರ ಚುಚ್ಚಿದ ಸೂಜಿಯಿಂದ ಪೊಟ್ಯಾಶಿಯಂ ಹೋಗುತ್ತಿತ್ತು. ಅದಕ್ಕೆ ಮೊದಲು ಕುಂದಾಪುರದಿಂದ ಬರುವಾಗ ಕೈಯ ನರದಲ್ಲಿ ಹೋದಾಗ ಮೆಣಸಿನ ಪುಡಿ ತಿಕ್ಕಿದ ಹಾಗೆ ಉರಿದಿತ್ತು. ಬಾಟಲಿಯ ಚೀಟಿಯ ಮೇಲೆ ನರ್ಸ್ ಕೆಸಿಎಲ್ ಎಂದು ಬರೆದಿದ್ದಳು, ಪೊಟ್ಯಾಶಿಯಂ ಕ್ಲೋರೈಡ್. ನಮ್ಮ ಲ್ಯಾಬಿನ ಎರಡನೇ ಕಪಾಟಿನಲ್ಲಿ ಅದರ ಡಬ್ಬ ಇದೆ, ಬಿಳಿ ಹರಳು. ಹನ್ನೆರಡು ವರ್ಷ ಅದನ್ನು ಚಮಚದಲ್ಲಿ ತೆಗೆದು ತೂಗಿದ್ದೇನೆ. ಅದು ಒಳಗೆ ಕಮ್ಮಿಯಾದರೆ ಮನುಷ್ಯ ಹೊದಿಕೆ ಸರಿಸಲೂ ಆಗದೆ ಬಿದ್ದಿರುತ್ತಾನೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

ಬೇಗ ಬೇಗ ಹಾಕಬಾರದೇ ಎಂದು ಕೇಳಿದೆ. "ಬೇಗ ಹಾಕಿದರೆ ಹೃದಯ ನಿಲ್ಲುತ್ತದೆ. ಸಾವಕಾಶ," ಎಂದರು ಡಾಕ್ಟರು. ಹೀಗೆ ನೇರವಾಗಿ ಹೇಳುವವರು ನನಗೆ ಇಷ್ಟ.

ಮರುದಿನ ಬೆಳಿಗ್ಗೆ ಹದಿನಾರರವರೆಗೆ ಎಣಿಸಿದೆ. ಮಧ್ಯಾಹ್ನ ಇಪ್ಪತ್ತೊಂದು. ಭೇಟಿಯ ಸಮಯದಲ್ಲಿ ಬಂದ ಅನುಷಾ ನನ್ನ ಜೊತೆ ಸೇರಿ ಎಣಿಸಿದಳು. ಇಪ್ಪತ್ತೇಳರಲ್ಲಿ ಇಬ್ಬರೂ ಒಟ್ಟಿಗೆ ನಿಂತೆವು. ಅವಳು ಬೇಕೆಂದೇ ನಿಲ್ಲಿಸಿದ್ದು ಎಂದು ನನಗೆ ಗೊತ್ತು. ಆ ಸಂಜೆ ಬಲ ಮೊಣಕಾಲು ಹಾಸಿಗೆಯ ಮೇಲೆ ಒಂದು ಗೇಣು ಮಡಚಿತು. ನರ್ಸನ್ನು ಕರೆದು ತೋರಿಸಿದೆ. ಅವಳು ಕೈಯಲ್ಲಿದ್ದ ಕೆಲಸ ಬಿಟ್ಟು ನಿಂತು ನೋಡಿದಳು.

ಪೊಟ್ಯಾಶಿಯಂ ಏರಿತು ಸರಿ, ಆದರೆ ಅದು ಸೋರಿಹೋದದ್ದು ಎಲ್ಲಿ ಎಂದು ಹುಡುಕಬೇಕಿತ್ತು. ಮೂರನೇ ದಿನ ನರ್ಸ್ ಮೂತ್ರದಲ್ಲಿ ಒಂದು ಬಣ್ಣದ ಪಟ್ಟಿ ಅದ್ದಿ, ಬಾಟಲಿಯ ಮೇಲಿನ ಬಣ್ಣಗಳ ಜೊತೆ ಹೋಲಿಸುತ್ತಿದ್ದಳು. ಪಟ್ಟಿ ಹಸಿರಿನ ಆಚೆಗೆ ತಿರುಗಿದ್ದು ನನಗೆ ಮಲಗಿದಲ್ಲಿಂದಲೇ ಕಂಡಿತು.

"ಪಿಎಚ್ ಏಳರ ಮೇಲಿದೆ," ಎಂದೆ.

ಡಾಕ್ಟರು ತಿರುಗಿ ನೋಡಿದರು. "ನಿಮಗೆ ಹೇಗೆ ಗೊತ್ತು?"

ನನ್ನ ಕೆಲಸ ಹೇಳಿದೆ. ಅವರು ಸ್ಟೂಲ್ ಎಳೆದು ಕುಳಿತರು. "ಹಾಗಾದರೆ ನಿಮಗೆ ಒಂದೇ ಮಾತು ಸಾಕು. ನಿಮ್ಮ ರಕ್ತದಲ್ಲಿ ಆಮ್ಲ ಹೆಚ್ಚಿದೆ. ರಕ್ತ ಹಾಗಿದ್ದಾಗ ಮೂತ್ರವೂ ಆಮ್ಲವೇ ಇರಬೇಕಲ್ಲ? ನಿಮ್ಮದು ಇಲ್ಲ."

ಹೊರಗೆ ಹೋಗಬೇಕಾದ್ದು ಒಳಗೇ ಉಳಿಯುತ್ತಿದೆ, ಕಿಡ್ನಿ ಅದನ್ನು ದಾಟಿಸುತ್ತಿಲ್ಲ. ಒಳಗೆ ಉಳಿಯಬೇಕಾದ ಪೊಟ್ಯಾಶಿಯಂ ಹೊರಗೆ ಹರಿಯುತ್ತಿದೆ. ಅಷ್ಟು ಅರ್ಥವಾಯಿತು. ಅತ್ತೆಗೆ ಹೇಳುವಾಗ "ನೆತ್ರಂಗೆ ಹುಳಿ ನಿಂತಿತ್ ಅಂಬ್ರ್" ಎಂದೆ. ಅವರಿಗೆ ನನಗಿಂತ ಬೇಗ ಅರ್ಥವಾಯಿತು.

ಡಾಕ್ಟರು ಬಾಯಿ, ಹಲ್ಲು, ಕಣ್ಣುಗಳ ಬಗ್ಗೆ ಕೇಳಿದರು. ಅವಲಕ್ಕಿಯ ವಿಷಯವನ್ನೂ ಹೇಳಿದೆ. ಮರುದಿನ ಕಣ್ಣಿನ ವಿಭಾಗದವರು ಬಂದು ಕೆಳರೆಪ್ಪೆಯ ಒಳಗೆ ಸಪೂರ ಕಾಗದದ ಪಟ್ಟಿ ಸಿಕ್ಕಿಸಿ ಐದು ನಿಮಿಷ ಬಿಟ್ಟರು. ಕಣ್ಣೀರು ಕಾಗದದಲ್ಲಿ ಎಷ್ಟು ದೂರ ಇಳಿಯುತ್ತದೆ ಎಂದು ಅಳೆಯುವುದು. ನನ್ನ ಕಾಗದ ಹಾಕಿದ ಹಾಗೇ ಒಣಗಿ ಹೊರಗೆ ಬಂತು.

"ಕಣ್ಣೀರಿನ ಗ್ರಂಥಿ ಕೆಲಸ ಮಾಡುತ್ತಿಲ್ಲ. ಎಷ್ಟು ದಿನದಿಂದ ಇರಬಹುದು?" ಎಂದು ಕೇಳಿದರು.

ನನಗೆ ತಟ್ಟನೆ ಉತ್ತರ ಗೊತ್ತಾಯಿತು. ಎಂಟು ತಿಂಗಳ ಹಿಂದೆ ಅಪ್ಪಯ್ಯ ತೀರಿಕೊಂಡಿದ್ದರು. ನನ್ನನ್ನು ಬೆನ್ನ ಮೇಲೆ ಕೂರಿಸಿಕೊಂಡು ಅಳಿವೆಯಲ್ಲಿ ಈಜಿದವರು. ಅವರ ಹೆಣದ ಪಕ್ಕ ಕುಳಿತ ನನ್ನ ಕಣ್ಣಿನಿಂದ ಒಂದು ಹನಿ ಬರಲಿಲ್ಲ. ಎದೆಯೊಳಗೆ ಏನೋ ಹರಿದುಹೋಗುತ್ತಿತ್ತು, ಕಣ್ಣು ಮಾತ್ರ ಉರಿಯುತ್ತಿತ್ತು. ಅಕ್ಕ ಲಲಿತಾ ಎಲ್ಲರೆದುರು "ನಿನ್ ಎದೆ ಕಲ್ಲಾ?" ಎಂದು ಕೇಳಿದ್ದಳು. ನನಗೂ ಅದೇ ಸಂಶಯ ಬಂದಿತ್ತು. ಆಮೇಲೆ ಅಕ್ಕ ತಂಗಿಯ ಮಾತು ಅಷ್ಟಕ್ಕಷ್ಟೇ ಆಗಿತ್ತು.

ಆ ದಿನ ಸಂಜೆ ಅಕ್ಕನೇ ಬಂದಳು. ಯಾರೂ ಕರೆದಿರಲಿಲ್ಲ, ಸುದ್ದಿ ಕೇಳಿ ಸಿದ್ದಾಪುರದಿಂದ ಎರಡು ಬಸ್ಸು ಬದಲಾಯಿಸಿ ಬಂದಿದ್ದಳು. ಕಾಗದದ ವಿಷಯ ಹೇಳಿದೆ. ಅವಳು ಮುಖ ತಿರುಗಿಸಿ ಅತ್ತಳು.

"ನಂಗೆ ಗೊತ್ತಾಯ್ಲಿಲ್ಲ ಕಾಣ್. ಬಾಯಿಗ್ ಬಂದದ್ ಹೇಳಿಬಿಟ್ಟೆ."

"ನಂಗೇ ಗೊತ್ತಿರ್ಲಿಲ್ಲ ಅಕ್ಕ. ನಿಂಗ್ ಹ್ಯಾಂಗ್ ಗೊತ್ತಾಪ್ದ್?"

ನನ್ನ ಪಾಲಿನದನ್ನೂ ಅವಳೇ ಅತ್ತು ಮುಗಿಸಿದಳು ಎನ್ನಿಸಿತು. ರೋಗಕ್ಕೆ ಹೆಸರು ಸಿಕ್ಕಿದಾಗ ಜನ ಕುಸಿಯುತ್ತಾರೆ ಎನ್ನುತ್ತಾರೆ. ನನ್ನ ಮಟ್ಟಿಗೆ ಆ ಹೆಸರು ಎಂಟು ತಿಂಗಳ ಒಂದು ಅಪರಾಧವನ್ನು ತೆಗೆದುಹಾಕಿತು. ದೇಹವೇ ತನ್ನ ಗ್ರಂಥಿಗಳ ಮೇಲೆ ತಿರುಗಿಬಿದ್ದಿದೆ, ಕಿಡ್ನಿಯ ತೊಂದರೆಯೂ ಅದರಿಂದಲೇ, ಪೂರ್ತಿ ವಾಸಿಯಾಗುವುದಿಲ್ಲ, ಆದರೆ ಔಷಧದಲ್ಲಿ ಹಿಡಿತದಲ್ಲಿರುತ್ತದೆ ಎಂದು ಡಾಕ್ಟರು ಆ ಇಂಗ್ಲಿಷ್ ಹೆಸರನ್ನು ಬಿಡಿಸಿ ಹೇಳಿದರು.

ಐದನೇ ದಿನ ವಾರ್ಡಿಗೆ ಕಳಿಸಿದರು. ಅಲ್ಲಿ ನನ್ನನ್ನು ನೋಡಲು ನಮ್ಮ ಕಾಲೇಜಿನ ರಸಾಯನಶಾಸ್ತ್ರದ ಉಪನ್ಯಾಸಕಿ ವಿಜಯಾ ಮೇಡಂ ಬಂದರು. ಪ್ರಾಯೋಗಿಕ ಪರೀಕ್ಷೆ ಹೇಗಾಯಿತು ಎಂದು ಕೇಳಿದೆ. ಅದನ್ನು ಹೇಳಿದ ಮೇಲೆ "ಗುಲಾಬಿ, ನೀನು ಕೆಲಸ ಬಿಡುವ ವಿಚಾರ ನನಗೆ ಮೊದಲೇ ಹೇಳಬಹುದಿತ್ತು," ಎಂದರು.

"ಯಾವ ವಿಚಾರ?"

ಶೇಖರ ಮೊನ್ನೆ ಕಾಲೇಜಿಗೆ ಹೋಗಿ, ನನ್ನ ಹೆಂಡತಿ ಇನ್ನು ಬರುವುದಿಲ್ಲ ಎಂದು ಪತ್ರ ಕೊಟ್ಟು ಬಂದಿದ್ದರು.

ಮೇಡಂ ಹೋದ ಮೇಲೆ, ಗಂಡ ಮತ್ತು ಅತ್ತೆ ಊಟದ ಬುತ್ತಿ ಹಿಡಿದು ಬಂದರು. ನಾನು ನೇರವಾಗಿ ಕೇಳಿದೆ.

"ಹೌದ್, ಕೊಟ್ಟಿದ್ದೆ," ಎಂದರು ಶೇಖರ. "ಹನ್ನೆರಡ್ ವರ್ಷ ಆ ಆಸಿಡ್ ಗಾಳಿ ಕುಡ್ದೆ. ಈಗ ಡಾಕ್ಟ್ರೇ ಹೇಳ್ತ್ರ್, ನೆತ್ರಂಗೆ ಆಸಿಡ್ ಅಂತ. ಇನ್ನೆಂತ ಬೇಕ್?"

"ನನ್ನತ್ರ ಒಂದ್ ಮಾತ್ ಕೇಂಬುಕ್ ಆಯ್ಲಿಲ್ಯಾ ನಿಮ್ಗೆ?"

"ನೀ ಕುತ್ಗಿ ಎತ್ತುಕೆ ಎಡೀದೆ ಬಿದ್ಕಂಡಿದ್ದೆ. ಹನ್ನೊಂದಕ್ಕೆ ಉಸ್ರ್ ನಿಂತದ್ ನಾ ಕೇಂಡಿದ್ದೆ. ಮತ್ತೆ ಆ ಲ್ಯಾಬಿಗೆ ಕಳ್ಸುಕೆ ನನ್ನತ್ರ ಆತಿಲ್ಲೆ."

ನನ್ನ ಸಿಟ್ಟು ಇಳಿಯಲಿಲ್ಲ. ಮದುವೆಯಾಗಿ ಹದಿನಾರು ವರ್ಷದಲ್ಲಿ ನನ್ನದು ಎಂದು ನಾನು ಸಂಪಾದಿಸಿದ್ದು ಆ ಲ್ಯಾಬಿನ ಬೀಗದ ಕೈ ಒಂದೇ. ನಾನು ಮಲಗಿದ್ದಾಗ ಅದನ್ನು ಒಪ್ಪಿಸಿ ಬಂದಿದ್ದರು. ಪ್ರೀತಿಯಿಂದ ಮಾಡಿದ್ದು ಎಂಬುದು ಅದನ್ನು ಸಣ್ಣದು ಮಾಡಲಿಲ್ಲ. ಬುತ್ತಿಯ ಅನ್ನ ಮುಟ್ಟದೆ ಗೋಡೆಯ ಕಡೆ ತಿರುಗಿದೆ. ನಾನಾಗಿಯೇ ಮಗ್ಗುಲು ಬದಲಾಯಿಸಿದ್ದು ಅದೇ ಮೊದಲ ಸಲ. ಆ ಹೊತ್ತಿನಲ್ಲಿ ಯಾರಿಗೂ ಅದು ಗಮನಕ್ಕೆ ಬರಲಿಲ್ಲ.

ಡಾಕ್ಟರು ಸುತ್ತು ಬಂದಾಗ ಶೇಖರ ಅವರನ್ನೇ ಕೇಳಿದರು. ಲ್ಯಾಬಿಗೂ ಇದಕ್ಕೂ ಸಂಬಂಧವಿಲ್ಲ, ಬಾಟಲಿಯ ಆಮ್ಲ ಬೇರೆ, ತಿಂದ ಅನ್ನದಿಂದ ಎಲ್ಲರ ದೇಹದಲ್ಲೂ ದಿನವೂ ಹುಟ್ಟುವ ಆಮ್ಲ ಬೇರೆ ಎಂದು ಅವರು ಹೇಳಿದರು. ಶೇಖರ ತಲೆ ಆಡಿಸಿದರು, ಒಪ್ಪಲಿಲ್ಲ. ಡಾಕ್ಟರು ಮುಂದಿನ ಮಂಚಕ್ಕೆ ಹೋದ ಮೇಲೆ ಅತ್ತೆ ಬಾಯಿ ತೆರೆದರು.

"ಮಗಾ, ನಾ ನಲ್ವತ್ ವರ್ಷ ಉಪ್ಪಂಗೆ ಕೈ ಹಾಯ್ಕಂಡ್ ಮೀನ್ ಒಣ್ಗಸಿದ್ದೆ. ಬೆರಳ್ ಸಂದೆಲ್ಲ ಹುಣ್ಣ್ ಆಯ್ತ್. ನೆತ್ರಂಗೆ ಉಪ್ಪ್ ಹೆಚ್ಚಾಯ್ತಾ ನಂಗೆ? ಆ ಹುಡ್ಗಿ ಓದ್ಕಂಡ್ ಬಂದ್ ಹೇಳ್ತ್. ನೀ ಎಂತ ಓದಿದ್ದೆ?"

ಶೇಖರ ಬುತ್ತಿಯ ಮುಚ್ಚಳ ಹಾಕತೊಡಗಿದರು.

"ನಾಳೆ ಹೋಯ್ ಆ ಕಾಗ್ದ ತಕಂಡ್ ಬಾ," ಎಂದರು ಅತ್ತೆ. ಆಮೇಲೆ ನನ್ನ ಕಡೆಗೆ, "ನೀನೂ ಅಷ್ಟೇ, ಅನ್ನದ್ ಮೇಲ್ ಕೋಪ ಮಾಡುಕಾಗ. ಉಣ್ಣ್."

ಶೇಖರ ಹೋದರು. ಪ್ರಿನ್ಸಿಪಾಲರು ಆ ಪತ್ರವನ್ನು ಮುಂದೆ ಕಳಿಸಿರಲೇ ಇಲ್ಲ. ಸಹಿ ನನ್ನದಲ್ಲದ ಕಾರಣ ಅದು ಮೇಜಿನ ಮೇಲೇ ಬಿದ್ದಿತ್ತು. "ಸೈನ್ ಅವ್ರದ್ದೇ ಬೇಕ್ ಅಂದ್ರ್," ಎಂದು ಬಂದು ಹೇಳಿದಾಗ ಅವರ ಮುಖದಲ್ಲಿ ನಾಚಿಕೆ ಇತ್ತು. "ಇನ್ನ್ ಮೇಲ್ ಕೇಂಡೇ ಮಾಡ್ತೆ," ಎಂದರು. ಅವರ ಬಾಯಿಯಿಂದ ಅದಕ್ಕಿಂತ ಹೆಚ್ಚು ನಿರೀಕ್ಷಿಸುವಂತಿಲ್ಲ. ಅಷ್ಟೇ ಸಾಕಾಯಿತು.

ಹನ್ನೊಂದನೇ ದಿನ ನಡೆದುಕೊಂಡೇ ಆಸ್ಪತ್ರೆಯಿಂದ ಹೊರಗೆ ಬಂದೆ, ಒಂದು ಕೈ ಅನುಷಾಳ ಭುಜದ ಮೇಲೆ.

ಆಮೇಲಿನದು ಔಷಧದ ಕಥೆ. ದಿನಕ್ಕೆ ಮೂರು ಸಲ ಸಿಟ್ರೇಟ್ ಸಿರಪ್, ಜೊತೆಗೆ ಗುಳಿಗೆಗಳು, ಕಣ್ಣಿಗೆ ಹನಿ. ಸಿರಪ್ಪಿನ ರುಚಿ ಹೇಗೆಂದರೆ, ಉಪ್ಪು, ಹುಳಿ, ಕಹಿ ಮೂರೂ ಒಟ್ಟಿಗೆ ನಾಲಿಗೆಯ ಮೇಲೆ ಜಗಳ ಆಡಿದ ಹಾಗೆ. ಮೊದಲ ವಾರ ಎರಡು ಸಲ ವಾಂತಿ ಮಾಡಿದೆ. ಅತ್ತೆ ಎಳನೀರಿನ ಬೊಂಡ ಕೆತ್ತಿ ಅದರ ನೀರಲ್ಲಿ ಬೆರೆಸಿ ನೋಡಿದರು, ಮಜ್ಜಿಗೆಯಲ್ಲಿ ನೋಡಿದರು. ಕೊನೆಗೆ ಹೊಂದಿದ್ದು ಮಡಕೆಯ ತಣ್ಣೀರು, ಅದೂ ಊಟದ ಮೇಲೆ. ಬೊಂಡದಲ್ಲೂ ಪೊಟ್ಯಾಶಿಯಂ ಇರುತ್ತದೆ, ಲೆಕ್ಕ ತಪ್ಪುತ್ತದೆ, ರಕ್ತ ನೋಡದೆ ದಿನಾ ಕುಡಿಯಬೇಡಿ ಎಂದು ಡಾಕ್ಟರು ಹೇಳಿದಾಗ ಅತ್ತೆಗೆ ಬೇಸರವಾಯಿತು. ಅವರು ಅದಾಗಲೇ ಅಂಗಳದ ಮೂಲೆಯಲ್ಲಿ ಬೊಂಡ ರಾಶಿ ಹಾಕಿಸಿದ್ದರು. ಅನುಷಾ ಮತ್ತು ನೆರೆಯ ಮಕ್ಕಳು ಕುಡಿದು ಮುಗಿಸಿದರು.

ಎರಡು ತಿಂಗಳ ನಂತರ ಕೆಲಸಕ್ಕೆ ಹೋದೆ. ಮೊದಲ ಕೆಲವು ವಾರ ಮಧ್ಯಾಹ್ನದವರೆಗೆ ಮಾತ್ರ. ಭಾರದ ಡಬ್ಬಗಳನ್ನು ಮೇಡಂ ಕೆಳಗಿನ ಕಪಾಟಿಗೆ ಇಳಿಸಿಟ್ಟಿದ್ದರು. ಈಗಲೂ ಕೆಲವು ದಿನ ಮೆಟ್ಟಿಲು ಹತ್ತುವಾಗ ತೊಡೆ ಭಾರವಾದರೆ ಹೆದರಿಕೆಯಾಗುತ್ತದೆ. ಬೆಳಿಗ್ಗೆ ಎಚ್ಚರವಾದ ಕೂಡಲೇ ಕಾಲು ಆಡಿಸಿ ನೋಡುವ ಅಭ್ಯಾಸ ಹೋಗಿಲ್ಲ, ಹೋಗುವುದೂ ಬೇಡ. ಯಾರ ಮಾತಿಗೂ ಗ್ಲೂಕೋಸ್ ಹಾಕಿಸಿಕೊಳ್ಳುವುದಿಲ್ಲ. ಪರ್ಸಿನಲ್ಲಿ ನನ್ನ ಕಾಯಿಲೆಯ ಹೆಸರು ಬರೆದ ಚೀಟಿ ಇದೆ.

ಮೂರು ತಿಂಗಳಿಗೊಮ್ಮೆ ರಕ್ತ ಕೊಟ್ಟು, ವರದಿಗೆ ಕಾಯುತ್ತಾ ಹೊರರೋಗಿ ವಿಭಾಗದ ಬೆಂಚಿನಲ್ಲಿ ಕೂರಬೇಕು. ಹೋದ ಸಲ ಪಕ್ಕದಲ್ಲಿ ಬೈಂದೂರು ಕಡೆಯ ಒಬ್ಬಳು ಕುಳಿತಿದ್ದಳು. ಸುಜಾತಾ ಎಂದು ಹೆಸರು. ಮದುವೆಯಾಗಿ ಒಂದು ವರ್ಷ ಆಗಿಲ್ಲ. ಎರಡು ವಾರದ ಹಿಂದೆ ಅವಳಿಗೂ ನನ್ನ ಹಾಗೇ ಆಗಿತ್ತು, ಬೆಳಿಗ್ಗೆ ಏಳಲು ಹೋದಾಗ. ಮಡಿಲಲ್ಲಿ ಅದೇ ಸಿರಪ್ಪಿನ ಬಾಟಲಿ, ಮುಚ್ಚಳ ತೆರೆದಿರಲಿಲ್ಲ. ಅವಳ ಅತ್ತೆ ಚೀಟಿ ಮಾಡಿಸಲು ಸಾಲಿನಲ್ಲಿ ನಿಂತಿದ್ದರು.

"ಮಧ್ಯಾಹ್ನದ್ ಕುಡೀಲಿಲ್ಯಾ?" ಎಂದೆ.

"ವಾಂತಿ ಬತ್ತ್ ಅಕ್ಕ." ಸಾಲಿನ ಕಡೆ ಒಮ್ಮೆ ನೋಡಿ ದನಿ ಇಳಿಸಿದಳು. "ಇದ್ ಎಷ್ಟ್ ದಿನ ಕುಡೀಕ್? ಅತ್ತೆಗೆ ಒಂದ್ ತಿಂಗ್ಳ್ ಅಂತ ಹೇಳಿದ್ದೆ."

ಸುಳ್ಳು ಹೇಳಿ ಸಮಾಧಾನ ಮಾಡಬಹುದಿತ್ತು. ಬ್ರಹ್ಮಾವರ ಬಂತು ಎಂದ ಹಾಗೆ.

"ಜೀವ ಇಪ್ಪುತನ್ಕ ಕುಡೀಕ್," ಎಂದೆ. "ನಾ ಎರಡ್ ವರ್ಷದಿಂದ ಕುಡಿತಿದ್ದೆ."

ಅವಳು ನನ್ನನ್ನು ಮುಖದಿಂದ ಕಾಲಿನವರೆಗೆ ನೋಡಿದಳು. ಕಾಲಿನ ಹತ್ತಿರ ನೋಟ ಹೆಚ್ಚು ಹೊತ್ತು ನಿಂತಿತು.

"ನೀವೂ ಬಿದ್ದಿದ್ರ್ಯಾ?"

"ಕುತ್ಗಿ ಎತ್ತುಕೂ ಎಡೀತಿರ್ಲಿಲ್ಲ. ಇವತ್ ಎರಡ್ ಬಸ್ಸ್ ಹತ್ತಿ ಒಬ್ಳೇ ಬಂದಿದ್ದೆ."

ಅವಳು ಬಾಟಲಿಯ ಮುಚ್ಚಳ ತಿರುಗಿಸಿದಳು. ನನ್ನ ನೀರಿನ ಬಾಟಲಿಯಿಂದ ಲೋಟಕ್ಕೆ ನೀರು ಹಾಕಿ, ಅಳತೆ ಸರಿ ನೋಡಿ ಬೆರೆಸಿ ಕೊಟ್ಟೆ. ಮೂಗಿನಲ್ಲಿ ಉಸಿರು ಎಳೆಯಬೇಡ, ಒಂದೇ ಗುಟುಕಿಗೆ ಎಂದೆ. ಕುಡಿದು, ಕಣ್ಣು ಗಟ್ಟಿಯಾಗಿ ಮುಚ್ಚಿ ನನ್ನ ಮೊಣಕೈ ಹಿಡಿದುಕೊಂಡಳು. ವಾಂತಿ ಬರಲಿಲ್ಲ.

ಅಷ್ಟರಲ್ಲಿ ಅವಳ ಅತ್ತೆ ಚೀಟಿ ಹಿಡಿದು ಬಂದು, ಇವರು ಯಾರು ಎನ್ನುವ ಹಾಗೆ ನನ್ನನ್ನು ನೋಡಿದರು.

ಸುಜಾತಾ ಕಣ್ಣು ಬಿಟ್ಟಳು. "ಅತ್ತೆ, ಇಲ್ಲಿ ಕೂಕಣಿ," ಎಂದು ಬೆಂಚಿನಲ್ಲಿ ಜಾಗ ಮಾಡಿದಳು. "ಈ ಔಷಧದ್ ಬಗ್ಗೆ ನಿಮ್ಮತ್ರ ಒಂದ್ ವಿಷ್ಯ ಹೇಳುಕಿತ್ತ್."